ಅಪ್‌ಡೇಟ್: ಕೂಲರ್ ಹಚ್ಚಿದರೂ ಸೆಕೆ ಯಾಕೆ ಅಂತ ಕೇಳಿದ್ದೆ, ಕಾರಣ ಸಿಕ್ಕಿತು

ಕಲಬುರಗಿಯ ನಮ್ಮ ಮನೆಯಲ್ಲಿ ಕೂಲರ್ ಹಚ್ಚಿದ ಅರ್ಧ ಗಂಟೆಗೆ ಮೈಯೆಲ್ಲ ಅಂಟಂಟಾಗುತ್ತದೆ, ಯಾಕೆ ಅಂತ ಕೇಳಿದ್ದೆ. ಬಾಗಿಲು ಕಿಟಕಿ ಮುಚ್ಚಬೇಡಿ ಅಂದಿದ್ದಿರಿ. ತುಂಬಾ ಥ್ಯಾಂಕ್ಸ್, ಅದೇ ಸರಿ!

ಕೂಲರನ್ನು ಕಿಟಕಿಗೆ ಇಟ್ಟು, ಎದುರಿನ ಕಿಟಕಿ ಅರ್ಧ ತೆರೆದೆ. ಈಗ ಒಣಗಾಳಿ ಒಳಗೆ ಬರುತ್ತದೆ, ಒದ್ದೆ ಗಾಳಿ ಹೊರಗೆ ಹೋಗುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ಆ ಶಾಖ ಗಾಳಿಯಿಂದಲೇ ಹೋಗುತ್ತದೆ, ಅದಕ್ಕೇ ತಂಪು. ಮುಚ್ಚಿದ ಕೋಣೆಯಲ್ಲಿ ಗಾಳಿ ಪಸೆ ತುಂಬಿಕೊಂಡು ಕೂತರೆ ನೀರೂ ಆರಲ್ಲ, ಬೆವರೂ ಆರಲ್ಲ.

ಸುಮ್ನೆ ನಂಬದೆ ಅಳೆದೂ ನೋಡಿದೆ. ಎರಡು ಥರ್ಮಾಮೀಟರ್ ತಂದು, ಒಂದರ ಬುಡಕ್ಕೆ ಒದ್ದೆ ಹತ್ತಿಬಟ್ಟೆ ಸುತ್ತಿ ಫ್ಯಾನ್ ಮುಂದೆ ಹಿಡಿದೆ. ಒಣಗಿದ್ದು 41 ಡಿಗ್ರಿ, ಒದ್ದೆಯದು 23! ಕೂಲರ್ ಬಾಯಲ್ಲಿ 27. ನಮ್ಮಂಥ ಕೂಲರ್ ಆ ಒದ್ದೆ ಅಳತೆಗಿಂತ ಕೆಳಗೆ ಇಳಿಸಲಾರದು.

ಮಂಗಳೂರಿನ ಅಕ್ಕನೂ ಕೂಲರ್ ಕೊಳ್ಳಬೇಕು ಅಂತಿದ್ದಳು. ಅಲ್ಲಿ ಇದೇ ಪರೀಕ್ಷೆ ಮಾಡಿಸಿದೆ: 33 ಮತ್ತು 29. ಬರೀ 4 ಡಿಗ್ರಿ ಅಂತರ, ಅಲ್ವಾ? ಬೇಡ ಅಂದೆ.