ಆರು ವರ್ಷದ ಮಗಳು ನಡೀವಾಗ ಪದೇ ಪದೇ ಬೀಳ್ತಾಳ, ಮನೆಯಾಗ ಏನು ಮಾಡಿಸ್ಲಿ?

ಸಿಂಧನೂರಿನ ತಾಯಿ:
ಡಾಕ್ಟರು ಸಿ.ಪಿ. ಅಂದಾರ, ಸೆರೆಬ್ರಲ್ ಪಾಲ್ಸಿ ಅಂತ, ಮಿದುಳಿನ ತೊಂದರಿಯಿಂದ ಕೈಕಾಲು ಹಿಡಿತಕ್ಕ ಬರಂಗಿಲ್ಲ. ಇಕಿಗೆ ಎರಡೂ ಕಾಲು ಬಿಗಿ. ತುದಿಗಾಲಲ್ಲಿ ನಡೀತಾಳ, ಕಾಲಿಗೆ ಕಾಲು ಅಡ್ಡ ಬಂದು ಬೀಳ್ತಾಳ. ವಾರಕ್ಕೊಮ್ಮೆ ರಾಯಚೂರಿಗೆ ಫಿಸಿಯೋಥೆರಪಿಗೆ ಹೋಗ್ತೀವಿ. ಉಳಿದ ಆರು ದಿನ? ಮಾಡಿಸಿ ನೋಡಿದವರು ಹೇಳ್ರಿ.

ಗಂಗಾವತಿಯಿಂದ:
ಅಕ್ಕಾರ, ನನ್ನ ಮಗನಿಗೂ ಇದೇ ಐತಿ, ಈಗ ಒಂಬತ್ತು ವರ್ಷ. ಮೊದಲ ಎರಡು ವರ್ಷ ನಾನು ಔಡಲೆಣ್ಣಿ ತಿಕ್ಕಿ, ಮಲಗಿಸಿ ಕಾಲು ಎಳೆಯೋದೇ ಮಾಡಿದೆ. ಅಂವನೂ ಅಳ್ತಿದ್ದ, ನಾನೂ ಅಳ್ತಿದ್ದೆ. ಬೀಳೋದು ಮಾತ್ರ ಕಮ್ಮಿ ಆಗ್ಲಿಲ್ಲ. "ನಿಂತು ಕಲಿಯೋದನ್ನ ಮಲಗಿಸಿ ಹೆಂಗ ಕಲಿಸ್ತೀರಿ?" ಅಂತ ಥೆರಪಿಸ್ಟ್ ಒಬ್ಬರು ಕೇಳಿದ ಮೇಲೆ ನನ್ನ ಕಣ್ಣು ತೆರೀತು. ಕಾಲು ಎಳೆಸೋದು ಬಿಡಬ್ಯಾಡ್ರಿ, ಆದ್ರ ಅದೊಂದೇ ಸಾಲದು.

ನಮ್ಮಂವನಿಗೆ ತುಳಸಿಗೆ ನೀರು ಹಾಕೋದಂದ್ರ ಭಾಳ ಇಷ್ಟ. ಮೊದಲು ಖಾಲಿ ತಂಬಿಗಿ ಎರಡೂ ಕೈಯಾಗ ಕೊಟ್ಟೆ, ಆಮೇಲೆ ಕಾಲು ತಂಬಿಗಿ ನೀರು, ಆಮೇಲೆ ಅರ್ಧ. ಕೈ ಗ್ವಾಡಿ ಹಿಡಿಯಂಗಿಲ್ಲ, ನೀರು ಚೆಲ್ಲಬಾರದು, ಅಷ್ಟಕ್ಕೇ ನಡ ನೆಟ್ಟಗ ಹಿಡಿಯೋದು ಕಲಿತ. ನಾನು ಹಿಂದಿನಿಂದ ಕೈ ಚಾಚ್ಕೊಂಡು ನಡೀತಿದ್ದೆ, ಮುಟ್ಟತಿರ್ಲಿಲ್ಲ.

ಕಾಲು ಅಡ್ಡ ಬರೋದಕ್ಕ ಮನಿ ಮುಂದಿನ ಕಟ್ಟಿ ಹಿಡಿಸಿ ಅಡ್ಡಡ್ಡ ಹೆಜ್ಜಿ ಹಾಕಿಸ್ರಿ, ಎಡಕ್ಕ ಐದು, ಬಲಕ್ಕ ಐದು. ಸೊಂಟದ ಪಕ್ಕದ ಸ್ನಾಯು ಗಟ್ಟಿ ಆದ್ರ ಕಾಲು ಅಗಲ ಬರ್ತಾವ. ಕೃಷ್ಣಾಷ್ಟಮಿಗೆ ಬರೆಯೋ ಪುಟ್ಟ ಹೆಜ್ಜಿ ಅದಾವಲ್ಲ, ಅವನ್ನೇ ರಂಗೋಲಿಯಾಗ ಸ್ವಲ್ಪ ಅಗಲಗಲ ಬರೆದು ಅದರ ಮ್ಯಾಲ ನಡೆಸಿದೆ. ಒಂದು ಕಾಲು ಇಟ್ಟಂಗಿ ಮ್ಯಾಲ ಇಡಿಸಿ ಚೆಂಡು ಆಡಿಸಿದ್ರ ಇನ್ನೊಂದು ಕಾಲಿಗೆ ಭಾರ ಬೀಳ್ತೈತಿ, ಒಂಟಿ ಕಾಲಲ್ಲಿ ನಿಲ್ಲೋಕ ಅದೇ ಮೊದಲ ಪಾಠ. ಕೂಡೋ ಮಣಿ ಮ್ಯಾಲಿಂದ ಕೈ ಊರದ ಏಳೋದು, ನಿಧಾನ ಕೂಡೋದು, ಇದನ್ನೂ ಮಾಡಿಸ್ರಿ. ಒಂದೊಂದು ಐದೇ ನಿಮಿಷ, ದಿನಕ್ಕ ನಾಲ್ಕೈದು ಸಲ. ಒಂದೇ ಏಟಿಗೆ ಒಂದು ತಾಸು ಮಾಡಿಸಿದ್ರ ಕಾಲು ದಣದು ಇನ್ನೂ ಬೀಳ್ತಾರ. ಬೇಸಿಗಿಯಾಗ ಬಿಸಿಲೇರೋದರೊಳಗ ಮುಗಿಸ್ರಿ.

ಗದ್ದಿ ಬದುವಿನ ಮ್ಯಾಲ ನಡೆಯೋಕ ನಮಗ ಮೂರು ವರ್ಷ ಹಿಡೀತು. ಈಗಲೂ ಬೀಳ್ತಾನ, ಆದ್ರ ತಾನೇ ಏಳ್ತಾನ.

ಬಳ್ಳಾರಿಯಿಂದ, ಮಕ್ಕಳ ಫಿಸಿಯೋಥೆರಪಿಸ್ಟ್:
ಮೇಲಿನ ಅಕ್ಕ ಹೇಳಿದ್ದು ಸರಿಯಾಗಿದೆ. ಮಗು ತಾನೇ ಮಾಡಿ, ತಪ್ಪಿ, ಮತ್ತೆ ಮಾಡಿದ್ದೇ ಉಳಿಯುತ್ತದೆ. ಎ.ಎಫ್.ಓ. ಬೂಟು, ಅಂದರೆ ಪಾದ ಮತ್ತು ಹರಡನ್ನು ನೆಟ್ಟಗೆ ಹಿಡಿಯುವ ಪ್ಲಾಸ್ಟಿಕ್ ಪಟ್ಟಿ, ಕೊಟ್ಟಿದ್ದರೆ ಒಳಗೆ ಹತ್ತಿಯ ಕಾಲುಚೀಲ ಹಾಕಿಸಿ. ಬಿಚ್ಚಿದ ಮೇಲೆ ಕೆಂಪು ಗುರುತು 20 ನಿಮಿಷದಲ್ಲಿ ಹೋಗದಿದ್ದರೆ ಮಾಡಿಕೊಟ್ಟವರ ಹತ್ತಿರ ಒಯ್ಯಿರಿ. ಕಾಲು ಬೆಳೆದಂತೆ ಬೂಟೂ ಬದಲಾಗಬೇಕು.

ಇದನ್ನು ಓದುವ ಬೇರೆ ತಂದೆತಾಯಿಗಳಿಗೂ ಒಂದು ಮಾತು. ಚೆನ್ನಾಗಿ ನಡೆಯುತ್ತಿದ್ದ ಗಂಡುಮಗು ಈಚೆಗೆ ಬೀಳುತ್ತಿದ್ದರೆ, ತೊಡೆಯ ಮೇಲೆ ಕೈ ಊರಿ ಏಳುತ್ತಿದ್ದರೆ, ಮೀನಖಂಡ ದಪ್ಪಗಿದ್ದರೆ ಅದು ಸ್ನಾಯುವಿನ ರೋಗ ಇರಬಹುದು. ಕಸರತ್ತು ಮಾಡಿಸುವ ಮುಂಚೆ ಡಾಕ್ಟರಿಗೆ ತೋರಿಸಿ. ಸಿಪಿಕೆ ಎಂಬ ರಕ್ತಪರೀಕ್ಷೆಯಿಂದ ಸುಳಿವು ಸಿಗುತ್ತದೆ.

ಕೊಪ್ಪಳದಿಂದ:
ಅಂಗವಿಕಲತೆಯ ಸರ್ಟಿಫಿಕೇಟ್ ಆಗಿದ್ರ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಮಾಡಿಸ್ರಿ. ಸಿ.ಪಿ. ಮಕ್ಕಳಿಗೆ ವರ್ಷಕ್ಕ 1 ಲಕ್ಷದವರೆಗೆ, ಥೆರಪಿ ಖರ್ಚೂ ಬರ್ತೈತಿ.

ಸಿಂಧನೂರಿನ ತಾಯಿ:
ಎಲ್ಲರಿಗೂ ಶರಣ್ರಿ. ಬೂಟು ಬಿಚ್ಚಿ ಅರ್ಧ ತಾಸು ಆತು, ಎಡಗಾಲ ಹರಡಿನ ಹತ್ರ ಇನ್ನೂ ಕೆಂಪಗ ಅದ. ಬೂಟು ಬ್ಯಾಡ ಅಂದ್ರ ಇಷ್ಟು ದಿನ ಹಠ ಅನ್ಕೊಂಡು ಬೈದಿದ್ದೆ. ಸೋಮವಾರ ಒಯ್ತೀನಿ. ಅಕ್ಕಾರ, ತಂಬಿಗಿ ಸ್ಟೀಲಿಂದು ಕೊಡ್ಲೋ, ಪ್ಲಾಸ್ಟಿಕ್ಕಿಂದೋ?

ಗಂಗಾವತಿಯಿಂದ:
ಪ್ಲಾಸ್ಟಿಕ್ಕಿಂದೇ ಕೊಡ್ರಿ. ಮ್ಯಾಲ ಬಿದ್ರೂ ನೋವಾಗಂಗಿಲ್ಲ.