ಪದಚರ್ಚೆ: ಬಂದರಿನ ‘ಒಡೆತನ’ ಅಂದರೆ ಯಾವುದರ ಒಡೆತನ?

ಎಲ್ಲರಿಗೂ ನಮಸ್ಕಾರ.

2006ರಲ್ಲಿ ಅಮೆರಿಕದಲ್ಲಿ ಬಂದರುಗಳ ವಿಷಯಕ್ಕೆ ಎದ್ದ ದೊಡ್ಡ ಜಗಳದ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ನಾನು ಬರೆದ ಸಾಲು ಇದು:

“ಅಮೆರಿಕದ ಆರು ಬಂದರುಗಳ ಒಡೆತನ ದುಬೈ ಕಂಪನಿಯೊಂದರ ಪಾಲಾಗುವುದರಲ್ಲಿತ್ತು.”

ಸಾಲು ಸಲೀಸಾಗಿ ಓದಿಸಿಕೊಳ್ಳುತ್ತದೆ. ಆದರೆ ನಡೆದದ್ದು ಅದಲ್ಲ. ಬಂದರುಗಳ ಒಡೆತನ ಯಾರ ಪಾಲೂ ಆಗುವುದರಲ್ಲಿ ಇರಲಿಲ್ಲ. ಹಾಗಾದರೆ ‘ಒಡೆತನ’ ತೆಗೆದು ಅಲ್ಲಿ ಯಾವ ಪದ ಇಡಬೇಕು? ಏಳೆಂಟು ಪದ ಇಟ್ಟು ನೋಡಿದೆ. ಯಾವುದೂ ಪೂರ್ತಿ ಕೂರಲಿಲ್ಲ.

ಪದ ಹುಡುಕುವ ಮೊದಲು ಸಂಗತಿ ಏನಿತ್ತು ಅಂತ ಹೇಳಬೇಕು.

ಪಿ ಅಂಡ್ ಓ ಬ್ರಿಟನ್ನಿನ ತುಂಬಾ ಹಳೆಯ ಹಡಗು ಕಂಪನಿ. 2006ರ ಹೊತ್ತಿಗೆ ಜಗತ್ತಿನ ಹಲವು ಬಂದರುಗಳಲ್ಲಿ ಕಂಟೇನರ್ ಇಳಿಸುವ, ಏರಿಸುವ ಕೆಲಸ ಅದರ ಕೈಯಲ್ಲಿತ್ತು. ಅಮೆರಿಕದಲ್ಲಿ ನ್ಯೂಯಾರ್ಕ್, ನ್ಯೂಜೆರ್ಸಿ, ಫಿಲಡೆಲ್ಫಿಯಾ, ಬಾಲ್ಟಿಮೋರ್, ಮಯಾಮಿ, ನ್ಯೂ ಆರ್ಲಿಯನ್ಸ್, ಈ ಆರು ಕಡೆ ಕೆಲವು ಟರ್ಮಿನಲ್‌ಗಳಲ್ಲಿ, ಅಂದರೆ ಹಡಗಿನ ಸರಕು ಇಳಿಸಿ ಏರಿಸುವ ಕಟ್ಟೆಗಳಲ್ಲಿ, ಅದರ ಕೆಲಸ ನಡೆಯುತ್ತಿತ್ತು. ದುಬೈ ಸರ್ಕಾರಕ್ಕೆ ಸೇರಿದ ಡಿಪಿ ವರ್ಲ್ಡ್ ಈ ಇಡೀ ಕಂಪನಿಯನ್ನು ಸುಮಾರು 680 ಕೋಟಿ ಡಾಲರಿಗೆ ಕೊಂಡಿತು. ಸಿಂಗಪುರದ ಬಂದರು ಕಂಪನಿ ಪಿಎಸ್‌ಎ ಕೂಡ ಪೈಪೋಟಿಗೆ ನಿಂತು ಹಿಂದೆ ಸರಿಯಿತು. ಕಂಪನಿ ಕೊಂಡ ಮೇಲೆ ಅದರ ಕರಾರುಗಳೂ ಜೊತೆಗೆ ಬರುತ್ತವಲ್ಲ, ಹಾಗೆ ಆ ಆರು ಬಂದರುಗಳ ಕರಾರುಗಳೂ ಬಂದವು.

ಗಮನಿಸಿ: ಮಾರಿದವರು ಪಿ ಅಂಡ್ ಓ ಷೇರುದಾರರು. ಅಮೆರಿಕ ಸರ್ಕಾರ ಏನನ್ನೂ ಮಾರಲಿಲ್ಲ. ಮಾರಾಟವಾದದ್ದು ಕಂಪನಿ, ಬಂದರಲ್ಲ. ‘ಅಮೆರಿಕದ ಬಂದರುಗಳ ಮಾರಾಟ’ ಅಂತ ಬರೆದರೆ ಮಾರಿದವರು ಯಾರು ಅನ್ನೋದೂ ತಪ್ಪು, ಮಾರಿದ್ದೇನು ಅನ್ನೋದೂ ತಪ್ಪು.

ಬಂದರು ಅನ್ನೋ ಒಂದೇ ಪದದೊಳಗೆ ಕಡೇಪಕ್ಷ ಮೂರು ಸಂಗತಿಗಳಿವೆ. ಒಂದು ನೆಲ. ಅಮೆರಿಕದ ದೊಡ್ಡ ಬಂದರುಗಳಲ್ಲಿ ನೆಲ ಬಹುಪಾಲು ಸಾರ್ವಜನಿಕ ಪ್ರಾಧಿಕಾರಗಳದ್ದು. ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ರಾಜ್ಯಗಳು ಸೇರಿ 1921ರಲ್ಲೇ ಇಂಥ ಒಂದು ಪ್ರಾಧಿಕಾರ ಮಾಡಿಕೊಂಡವು. ಎರಡನೆಯದು ಕೆಲಸ: ಕ್ರೇನು, ಅಂಗಳ, ಗೇಟು, ಲೆಕ್ಕ. ಮೂರನೆಯದು ಕಾವಲು. ಅದು ಕರಾವಳಿ ಕಾವಲು ಪಡೆ ಮತ್ತು ಸುಂಕ ಇಲಾಖೆಯ ಹೊಣೆ. ದುಬೈ ಕಂಪನಿಯ ಕೈಗೆ ಬರುತ್ತಿದ್ದದ್ದು ಎರಡನೆಯದು ಮಾತ್ರ, ಅದೂ ಕೆಲವು ಕಟ್ಟೆಗಳಲ್ಲಿ. ಸರಕು ಇಳಿಸುವ ಕೆಲಸಗಾರರೂ ಮೊದಲಿನವರೇ ಇರುತ್ತಿದ್ದರು.

ಈಗ ಪದಗಳಿಗೆ ಬರುತ್ತೇನೆ.

‘ಒಡೆತನ’ದಲ್ಲಿ ‘ಒಡೆಯ’ ಇದ್ದಾನೆ. ನಮ್ಮ ‘ಒಡವೆ’ಯೂ ಅದೇ ಬೇರಿನದು. ಈಗ ಒಡವೆ ಅಂದರೆ ಚಿನ್ನ ನೆನಪಾಗುತ್ತದೆ. ಹಿಂದೆ ತನ್ನದು ಅನ್ನುವ ಯಾವ ಆಸ್ತಿಯೂ ಒಡವೆಯೇ. ಒಡೆಯನಾದವನು ಮಾರಬಹುದು, ಮಕ್ಕಳಿಗೆ ಬಿಡಬಹುದು, ಬೇರೆಯವರನ್ನು ಎಬ್ಬಿಸಿ ಕಳಿಸಬಹುದು. ಕರಾರಿನ ಮೇಲೆ ಟರ್ಮಿನಲ್ ನಡೆಸುವವರಿಗೆ ನೆಲದ ಮೇಲೆ ಇಂಥ ಅಧಿಕಾರ ಇಲ್ಲ. ‘ಮಾಲೀಕತ್ವ’, ‘ಸ್ವಾಮ್ಯ’ ಅಂದರೂ ಇದೇ ಕತೆ. ಹಾಗಾಗಿ ಮೂರನ್ನೂ ಬಿಟ್ಟೆ.

‘ಗುತ್ತಿಗೆ’ ಹತ್ತಿರ ಬರುತ್ತದೆ. ನನಗೆ ಅದರ ಮೇಲೆ ಒಲವೂ ಇದೆ. ಅವಧಿ ಇದೆ, ಹಣ ಇದೆ, ಕರಾರು ಇದೆ ಅನ್ನೋದನ್ನು ಪದವೇ ಹೇಳಿಬಿಡುತ್ತದೆ. ‘ದೇಶಪ್ರೇಮವನ್ನು ನೀವೇ ಗುತ್ತಿಗೆ ಹಿಡಿದಿದ್ದೀರಾ?’ ಅಂತ ಕೇಳುತ್ತೇವಲ್ಲ, ಅಲ್ಲಿ ‘ಬೇರೆಯವರಿಗೆ ಜಾಗವಿಲ್ಲ, ನಮಗೊಬ್ಬರಿಗೇ’ ಅನ್ನುವ ಹಳೆಯ ಅರ್ಥ ಇನ್ನೂ ಉಳಿದಿದೆ. ಟರ್ಮಿನಲ್ ಕರಾರಿಗೂ ಈ ಅರ್ಥ ಸರಿಹೊಂದುತ್ತದೆ. ಆದರೆ ಇವತ್ತು ‘ಗುತ್ತಿಗೆದಾರ’ ಅಂದರೆ ರಸ್ತೆ ಹಾಕಿ, ಸೇತುವೆ ಕಟ್ಟಿ, ಬಿಲ್ ಪಡೆದು ಹೋಗುವವರು. ‘ಗುತ್ತಿಗೆ ನೌಕರ’ ಅಂದರೆ ಕಾಯಂ ಆಗದವರು. ‘ಬಂದರಿನ ಗುತ್ತಿಗೆದಾರ’ ಅಂತ ಬರೆದರೆ ಬಂದರಿನ ಗೋಡೆ ಕಟ್ಟಲು ಬಂದವರು ಅಂತಲೇ ಓದುಗರು ತಿಳಿಯುತ್ತಾರೆ. ‘ಗುತ್ತಿಗೆ’ ಸರಿ, ‘ಗುತ್ತಿಗೆದಾರ’ ಸರಿಯಲ್ಲ. ಒಂದೇ ಪದದ ಎರಡು ರೂಪ ಹೀಗೆ ಬೇರೆ ದಾರಿ ಹಿಡಿದರೆ ಬರೆಯುವವರು ಏನು ಮಾಡಬೇಕು?

‘ಭೋಗ್ಯ’ ಆಗುವುದಿಲ್ಲ. ಮನೆ ಭೋಗ್ಯಕ್ಕೆ ಹಾಕಿಕೊಂಡವರು ದುಡ್ಡನ್ನು ಒಟ್ಟಿಗೆ ಕೊಟ್ಟು, ಬಿಡುವಾಗ ವಾಪಸ್ ಪಡೆಯುತ್ತಾರೆ. ಅದರಲ್ಲಿ ಸಾಲ ಮತ್ತು ಅಡಮಾನದ ವಾಸನೆ ಇದೆ. ಟರ್ಮಿನಲ್ ಕರಾರು ಹಾಗಲ್ಲ, ಕಟ್ಟಿದ ಬಾಡಿಗೆ ಕಟ್ಟಿದ್ದೇ.

ನನ್ನನ್ನು ಜಾಸ್ತಿ ಹೊತ್ತು ಹಿಡಿದದ್ದು ‘ಗೇಣಿ’. ನೆಲ ಒಬ್ಬರದು, ದುಡಿಮೆ ಇನ್ನೊಬ್ಬರದು, ಒಡೆಯನಿಗೆ ಪಾಲು. ಬಂದರಿನ ಏರ್ಪಾಡು ನಿಜಕ್ಕೂ ಹೀಗೇ ಇದೆ. ಪ್ರಾಧಿಕಾರ ನೆಲದೊಡೆಯ, ಕಂಪನಿ ಗೇಣಿದಾರ. ಆದರೆ ಕನ್ನಡದಲ್ಲಿ ಗೇಣಿ ಅಂದ ಕೂಡಲೇ ಬಡ ರೈತ ಕಣ್ಣಮುಂದೆ ಬರುತ್ತಾನೆ. ಜೊತೆಗೆ ‘ಉಳುವವನೇ ನೆಲದೊಡೆಯ’ ಅನ್ನೋ ಮಾತು ಕಿವಿಯಲ್ಲಿದೆ. ಉಳುವವರ ಪರ ನಿಲ್ಲುವುದು ನಮಗೆ ಅಭ್ಯಾಸವಾಗಿದೆ. ನೂರಾರು ಕೋಟಿ ಡಾಲರಿನ ಕಂಪನಿಯನ್ನು ಗೇಣಿದಾರ ಅಂದರೆ, ಬೇರೆಯವರ ನೋವಿನಿಂದ ಬೆಳೆದ ಪದವನ್ನು ಅದಕ್ಕೆ ಕೊಟ್ಟಂತೆ. ಅದು ನನ್ನಿಂದಾಗದು.

ಆದರೂ ಗೇಣಿ ಪದದಿಂದ ನನಗೊಂದು ವಿಷಯ ಹೊಳೆಯಿತು. ಆ ಜಗಳದಲ್ಲಿ ಜನ ಕೇಳುತ್ತಿದ್ದ ಪ್ರಶ್ನೆಯೂ ಇದೇ ಅಲ್ವಾ? ನೆಲ ನಮ್ಮದೇ ಇರಬಹುದು, ಆದರೆ ದಿನಾ ಅಲ್ಲಿ ನಿಂತು ನಡೆಸುವವರೇ ನಿಜವಾದ ಒಡೆಯರಲ್ಲವಾ? ಯಾವ ಕಂಟೇನರ್ ಯಾವಾಗ ಬರುತ್ತದೆ, ಎಲ್ಲಿ ಇಡುತ್ತಾರೆ, ಯಾವ ಲಾರಿ ಹತ್ತುತ್ತದೆ ಅನ್ನೋದು ನಡೆಸುವವರಿಗೆ ಗೊತ್ತಿರುತ್ತದೆ. ಕಾವಲು ಬೇರೆ, ಕೆಲಸ ಬೇರೆ ಅಂತ ನಾನು ಮೇಲೆ ಗೆರೆ ಎಳೆದೆ. ಆ ಗೆರೆ ಪೂರ್ತಿ ನೇರವಾಗಿಲ್ಲ. ಟರ್ಮಿನಲ್ ನಡೆಸುವವರೇ ತಮ್ಮ ಜಾಗದ ಭದ್ರತಾ ಯೋಜನೆ ಮಾಡಿ ಕರಾವಳಿ ಕಾವಲು ಪಡೆಗೆ ಕೊಟ್ಟು ಒಪ್ಪಿಗೆ ಪಡೆಯಬೇಕು ಅಂತ ಅಮೆರಿಕದ 2002ರ ಕಾಯ್ದೆ ಹೇಳುತ್ತದೆ.

ಅದಕ್ಕೇ ‘ನಿರ್ವಹಣೆ’, ‘ಉಸ್ತುವಾರಿ’ ಪದಗಳನ್ನು ಬಳಸಲು ಮನಸ್ಸು ಬರುತ್ತಿಲ್ಲ. ‘ನಿರ್ವಹಣೆ’ ಅಂದರೆ ಉದ್ಯಾನದ ನಿರ್ವಹಣೆಯಷ್ಟು ಸಣ್ಣದಾಗಿ ಕೇಳಿಸುತ್ತದೆ. ಲಾಭ ಯಾರಿಗೆ, ತೀರ್ಮಾನ ಯಾರದು ಅನ್ನೋದು ಅದರಲ್ಲಿ ಕಾಣುವುದೇ ಇಲ್ಲ. ‘ಒಡೆತನ’ ಅಂದರೆ ನಾನು ವಿರೋಧಿಗಳ ಪರ ನಿಂತಂತೆ, ‘ನಿರ್ವಹಣೆ’ ಅಂದರೆ ಕಂಪನಿಯ ಪರ. ಬರಹಗಾರರು ಬಾಯಿ ಬಿಡುವ ಮೊದಲೇ ಪದ ತೀರ್ಪು ಕೊಟ್ಟುಬಿಡುತ್ತದೆ.

ಆ ತೀರ್ಪಿಗೆ ಎಷ್ಟು ಬಲ ಇತ್ತು ಅಂತ ನೋಡಿ. ವಿದೇಶಿ ಹೂಡಿಕೆಯನ್ನು ಪರಿಶೀಲಿಸುವ ಸಮಿತಿಯೊಂದು ಅಮೆರಿಕದಲ್ಲಿ 1975ರಿಂದಲೂ ಇದೆ. ಅದು 2006ರ ಜನವರಿಯಲ್ಲಿ, 30 ದಿನಗಳ ಪರಿಶೀಲನೆಯಲ್ಲೇ, ಈ ವ್ಯವಹಾರಕ್ಕೆ ಒಪ್ಪಿಗೆ ಕೊಟ್ಟಿತ್ತು. ಫೆಬ್ರವರಿಯಲ್ಲಿ ಸುದ್ದಿ ಹರಡಿತು. ಸೆನೆಟರ್‌ಗಳಾದ ಚಕ್ ಶೂಮರ್, ಹಿಲರಿ ಕ್ಲಿಂಟನ್ ವಿರೋಧಿಸಿದರು. ಅಧ್ಯಕ್ಷ ಬುಷ್ ಅವರ ಪಕ್ಷದವರೇ ಆದ ಬಿಲ್ ಫ್ರಿಸ್ಟ್, ಡೆನಿಸ್ ಹ್ಯಾಸ್ಟರ್ಟ್ ಕೂಡ ಆಕ್ಷೇಪ ಎತ್ತಿದರು. ತಡೆಯುವ ಮಸೂದೆ ಬಂದರೆ ವೀಟೊ ಹಾಕುತ್ತೇನೆ ಅಂತ ಬುಷ್ ಫೆಬ್ರವರಿ 21ರಂದು ಹೇಳಿದರು. ಅಲ್ಲಿಯವರೆಗೆ ಅವರು ಒಂದೇ ಒಂದು ಮಸೂದೆಗೂ ವೀಟೊ ಹಾಕಿರಲಿಲ್ಲ. ಮಾರ್ಚ್ 8ರಂದು ಪ್ರತಿನಿಧಿ ಸಭೆಯ ಹಣಕಾಸು ವಿನಿಯೋಗ ಸಮಿತಿಯಲ್ಲಿ ತಡೆಯ ಪರ 62 ಮತ, ವಿರುದ್ಧ 2 ಮತ. ಮಾರನೇ ದಿನವೇ ಡಿಪಿ ವರ್ಲ್ಡ್ ಅಮೆರಿಕದ ಭಾಗವನ್ನು ಅಮೆರಿಕದ್ದೇ ಸಂಸ್ಥೆಯೊಂದಕ್ಕೆ ವರ್ಗಾಯಿಸುವುದಾಗಿ ಹೇಳಿತು. ಅದನ್ನು ಅಮೆರಿಕದ ವಿಮಾ ಕಂಪನಿ ಎಐಜಿಯ ಹೂಡಿಕೆ ವಿಭಾಗಕ್ಕೆ ಮಾರುವುದಾಗಿ ಡಿಸೆಂಬರಿನಲ್ಲಿ ಪ್ರಕಟಿಸಿತು.

ಇಲ್ಲಿ ‘ವಿದೇಶಿ’ ಪದದ ಬಗ್ಗೆಯೂ ಒಂದು ಮಾತು. ಪಿ ಅಂಡ್ ಓ ಕೂಡ ವಿದೇಶಿ ಕಂಪನಿಯೇ. ಬ್ರಿಟನ್ನಿನ ಕಂಪನಿ ನಡೆಸುತ್ತಿದ್ದಾಗ ಇಂಥ ಗಲಾಟೆ ಇರಲಿಲ್ಲ. ಹಾಗಾದರೆ ‘ವಿದೇಶಿ ಕಂಪನಿ ವಿರುದ್ಧ ಆಕ್ರೋಶ’ ಅಂದರೆ ಅರ್ಧ ಸತ್ಯ. ಎರಡು ಬೇರೆ ಕಾರಣಗಳಿದ್ದವು. ಒಂದು, ಕೊಂಡದ್ದು ಒಂದು ಸರ್ಕಾರದ ಕಂಪನಿ. ಕೊಳ್ಳುವವರ ಹಿಂದೆ ಬೇರೆ ದೇಶದ ಸರ್ಕಾರ ಇದ್ದು, ದೇಶದ ಭದ್ರತೆಯ ಪ್ರಶ್ನೆ ಬರುವಂತಿದ್ದರೆ ಇನ್ನೂ 45 ದಿನ ತನಿಖೆ ಆಗಬೇಕು ಅಂತ ಹೂಡಿಕೆ ಪರಿಶೀಲನೆಯ ಕಾನೂನಿಗೆ ತಂದ 1992ರ ತಿದ್ದುಪಡಿ ಹೇಳುತ್ತಿತ್ತು. ಅದನ್ನು ಯಾಕೆ ಮಾಡಲಿಲ್ಲ ಅನ್ನೋದು ನ್ಯಾಯವಾದ ಪ್ರಶ್ನೆ ಅಂತಲೇ ನನಗನ್ನಿಸುತ್ತದೆ. ಇನ್ನೊಂದು, 2001ರ ಸೆಪ್ಟೆಂಬರ್ 11ರ ದಾಳಿ ಮಾಡಿದ 19 ಜನರಲ್ಲಿ ಇಬ್ಬರು ದುಬೈ ಇರುವ ದೇಶವಾದ ಸಂಯುಕ್ತ ಅರಬ್ ಸಂಸ್ಥಾನದವರು. ಇಬ್ಬರು ಮಾಡಿದ್ದಕ್ಕೆ ಆ ದೇಶದ ಕಂಪನಿಯನ್ನೇ ಅನುಮಾನಿಸಿದ್ದು ನನಗೆ ಒಪ್ಪಿಗೆಯಿಲ್ಲ. ಆದರೆ ಎರಡು ಕಾರಣವನ್ನೂ ‘ವಿದೇಶಿ’ ಅನ್ನೋ ಒಂದೇ ಪದದಲ್ಲಿ ಸುತ್ತಿಟ್ಟರೆ ನ್ಯಾಯವಾದ ಪ್ರಶ್ನೆಯೂ ಕಾಣುವುದಿಲ್ಲ, ಅನ್ಯಾಯವಾದ ಅನುಮಾನವೂ ಕಾಣುವುದಿಲ್ಲ.

‘ವಿದೇಶಿ ಸರ್ಕಾರಿ ಕಂಪನಿ’ ಅಂದರೆ ಸರಿಯೇ? ನನಗೆ ಅದು ಎಡವಿದಂತೆ ಕೇಳುತ್ತದೆ. ‘ಬೇರೆ ದೇಶದ ಸರ್ಕಾರಕ್ಕೆ ಸೇರಿದ ಕಂಪನಿ’ ಉದ್ದವಾದರೂ ಅನುಮಾನಕ್ಕೆ ಜಾಗ ಕೊಡುವುದಿಲ್ಲ. ‘ಪರದೇಶಿ’ ಅಂತೂ ಬೇಡವೇ ಬೇಡ. ಆಡುಮಾತಿನಲ್ಲಿ ಅದು ದಿಕ್ಕಿಲ್ಲದವರು ಅನ್ನೋ ಅರ್ಥಕ್ಕೆ ತಿರುಗಿದೆ.

ಕ್ರಿಯಾಪದವೂ ನನಗೆ ತೊಡಕು. ‘ಬಂದರುಗಳನ್ನು ದುಬೈಗೆ ಒಪ್ಪಿಸಿದರು’ ಅಂದರೆ ಶರಣಾದಂತೆ. ‘ಬಿಟ್ಟುಕೊಟ್ಟರು’ ಅಂದರೆ ಸೋತಂತೆ. ‘ವಹಿಸಿಕೊಟ್ಟರು’ ಅಂದರೆ ನಂಬಿ ಕೊಟ್ಟಂತೆ. ಮೂರರಲ್ಲೂ ಕೊಟ್ಟವರು ಅಮೆರಿಕದವರು ಅಂತಾಗುತ್ತದೆ, ಅವರು ಕೊಟ್ಟಿರಲೇ ಇಲ್ಲ. ‘ಕೈ ಬದಲಾಯಿತು’ ಅನ್ನೋದು ಮಾತ್ರ ನನಗೆ ಸರಿ ಕಂಡಿದೆ. ಯಾರೂ ಕೊಟ್ಟಂತಲ್ಲ, ಆದರೆ ಹಿಡಿದ ಕೈ ಬೇರೆ.

ನಾನು ಆರಿಸುವ ಪದ ಬೇರೆ ಕತೆಗಳಿಗೂ ಹೊಂದುತ್ತದಾ ಅಂತ ನೋಡಬೇಕಲ್ಲ. 2015ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್ ಬಂದರು ಚೀನಾದ ಲ್ಯಾಂಡ್‌ಬ್ರಿಡ್ಜ್ ಕಂಪನಿಗೆ 99 ವರ್ಷಕ್ಕೆ ಹೋಯಿತು. 2017ರಲ್ಲಿ ಶ್ರೀಲಂಕಾದ ಹಂಬನ್‌ತೋಟ ಬಂದರು ಚೈನಾ ಮರ್ಚೆಂಟ್ಸ್ ಕಂಪನಿಗೆ, ಅದೂ 99 ವರ್ಷಕ್ಕೆ. ಇವೆರಡರಲ್ಲಿ ಕೊಟ್ಟವರು ಸರ್ಕಾರದವರೇ. ಕಾಗದದಲ್ಲಿ ಇವೂ ಗುತ್ತಿಗೆಯೇ. ಆದರೆ ಇವತ್ತು ಹುಟ್ಟಿದ ಮಗು ಮುಪ್ಪಾಗುವ ತನಕ ಇರುವ ಕರಾರನ್ನು ‘ಗುತ್ತಿಗೆ’ ಅಂದರೆ ಕಿವಿ ಒಪ್ಪುವುದಿಲ್ಲ. ‘ಮಾರಿಬಿಟ್ಟರು’ ಅಂತ ಜನ ಸಿಟ್ಟಾಗಿ ಹೇಳಿದರೆ ಅದನ್ನು ಸುಮ್ನೆ ಅಜ್ಞಾನ ಅನ್ನಲು ನನಗಾಗದು. ಇಂಥ ಕಡೆ ‘99 ವರ್ಷದ ಗುತ್ತಿಗೆ’ ಅಂತ ಅವಧಿಯನ್ನು ಪದದ ಪಕ್ಕದಲ್ಲೇ ಇಡುವುದು ವಾಸಿ. ಅವಧಿ ಬಿಟ್ಟು ಬರೀ ‘ಗುತ್ತಿಗೆ’ ಬರೆಯಬಾರದು.

ಕೊನೆಯದಾಗಿ ಟರ್ಮಿನಲ್. ‘ನಿಲ್ದಾಣ’ ಅಂದರೆ ಬಸ್ಸು, ರೈಲು ನೆನಪಾಗುತ್ತದೆ. ಕರಾವಳಿಯ ಮಾತಿನಲ್ಲಿ ‘ಧಕ್ಕೆ’ ಅನ್ನೋ ಒಳ್ಳೆಯ ಪದ ಇದೆ. ದೋಣಿ, ಹಡಗು ಬಂದು ತಾಗಿ ನಿಲ್ಲುವ, ಸರಕು ಇಳಿಸುವ ಕಟ್ಟೆ. ಚಿಕ್ಕದು, ಗಟ್ಟಿಯಾದದ್ದು. ನನಗೆ ತುಂಬಾ ಇಷ್ಟ. ಆದರೆ ನನ್ನ ಬರಹದಲ್ಲಿ ‘ಭದ್ರತೆಗೆ ಧಕ್ಕೆ’ ಅನ್ನೋ ಮಾತು ಮತ್ತೆ ಮತ್ತೆ ಬರುತ್ತದೆ. “ಧಕ್ಕೆ ಬೇರೆ ದೇಶದವರ ಕೈಗೆ ಹೋದರೆ ದೇಶಕ್ಕೆ ಧಕ್ಕೆ” ಅಂದರೆ ಓದುಗರು ಗಂಭೀರವಾದ ವಾದವನ್ನು ಪದದಾಟ ಅಂದುಕೊಳ್ಳುತ್ತಾರೆ. ಹಾಗಾಗಿ ‘ಸರಕುಕಟ್ಟೆ’ ಅಂತ ಬರೆದಿದ್ದೇನೆ. ‘ಕಟ್ಟೆ’ ಎಲ್ಲರಿಗೂ ಗೊತ್ತು, ‘ಸುಂಕದಕಟ್ಟೆ’ಯ ನೆನಪೂ ಇದೆ. ಬಂದರಿಗೆ ಬದಲು ‘ರೇವು’ ಬಳಸಬಹುದೇ ಅಂತಲೂ ಯೋಚಿಸಿದೆ. ಆದರೆ ಪಾರ್ಸಿಯಿಂದ ಬಂದ ‘ಬಂದರು’ ಈಗ ಪೂರ್ತಿ ನಮ್ಮದೇ ಆಗಿದೆ, ಬದಲಿಸುವ ಅಗತ್ಯ ಕಾಣಲಿಲ್ಲ.

ಸದ್ಯಕ್ಕೆ ನನ್ನ ಮೊದಲ ಸಾಲು ಹೀಗಿದೆ:

“ಅಮೆರಿಕದ ಆರು ಬಂದರುಗಳ ಕೆಲವು ಸರಕುಕಟ್ಟೆಗಳನ್ನು ನಡೆಸುವ ಹಕ್ಕು ಬ್ರಿಟನ್ನಿನ ಕಂಪನಿಯಿಂದ ದುಬೈ ಸರ್ಕಾರದ ಕಂಪನಿಗೆ ಕೈ ಬದಲಾಗುವುದರಲ್ಲಿತ್ತು.”

ಉದ್ದವಾಯಿತು, ಗೊತ್ತು. ‘ನಡೆಸುವ ಹಕ್ಕು’ ನನಗೆ ಒಪ್ಪಿಗೆಯಾಗಿದೆ. ಒಡೆತನದಷ್ಟು ದೊಡ್ಡದಲ್ಲ, ನಿರ್ವಹಣೆಯಷ್ಟು ಸಣ್ಣದಲ್ಲ, ‘ಹಕ್ಕು’ ಇರುವುದರಿಂದ ಲಾಭವೂ ತೀರ್ಮಾನವೂ ಅದರೊಳಗೆ ಬರುತ್ತವೆ. ಆದರೆ ಆ ಹಕ್ಕು ಹಿಡಿದವರನ್ನು ಏನಂತ ಕರೆಯಲಿ? ಬರಹದುದ್ದಕ್ಕೂ ‘ನಡೆಸುವ ಹಕ್ಕು ಪಡೆದವರು’ ಅಂತ ಬರೆಯಲಾಗದು. ‘ಗುತ್ತಿಗೆದಾರ’ ಬೇಡ, ‘ಗೇಣಿದಾರ’ ಬೇಡ, ‘ನಿರ್ವಾಹಕ’ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದಾರೆ. ಬಂದರಿನ ಕೆಲಸ, ಕಂದಾಯದ ಕಾಗದಪತ್ರ, ಮೀನುಗಾರಿಕೆ, ಇವುಗಳ ಒಡನಾಟ ಇರುವವರ ಬಾಯಲ್ಲಿ ಇದಕ್ಕೊಂದು ಪದ ಇದ್ದರೆ ದಯವಿಟ್ಟು ತಿಳಿಸಿ. ಅದನ್ನು ಬಳಸುವ ಒಂದು ಪೂರ್ತಿ ವಾಕ್ಯವನ್ನೂ ಜೊತೆಗೆ ಕೊಟ್ಟರೆ ಇನ್ನೂ ಒಳ್ಳೆಯದು. ಇನ್ನೊಂದು: ‘ಸರಕುಕಟ್ಟೆ’ ಓದಿದಾಗ ನಿಮಗೆ ಹಡಗು ಕಾಣುತ್ತದಾ, ಲಾರಿ ಕಾಣುತ್ತದಾ?