ತೊಡೆದೇವಿನ ‘ಏವು’ ಯಾವುದು?

ಬಳಗದವರಿಗೆಲ್ಲ ನಮಸ್ಕಾರ.

ಪ್ರಶ್ನೆ ನಮ್ಮ ಶಿರಸಿ ಕಡೆಯ ಸಿಹಿತಿಂಡಿ ತೊಡೆದೇವಿನ ಹೆಸರಿನದು, ಹುಟ್ಟಿದ್ದು ಮಾತ್ರ ಇಸ್ತಾಂಬುಲ್‌ನ ಊಟದ ಮೇಜಿನಲ್ಲಿ.

ಮಗಳು-ಅಳಿಯನ ಜೊತೆ ಐದು ದಿನ ಅಲ್ಲಿಗೆ ಹೋಗಿದ್ದೆವು. ಎಮಿನೊನುವಿನಲ್ಲಿ ಬೋಟು ಹತ್ತಿ ಬೋಸ್ಫರಸ್ ದಾಟಿದರೆ ಕಾದಿಕೊಯ್. ಅಲ್ಲೊಂದು ‘ಎಸ್ನಾಫ್ ಲೋಕಾಂತಾಸಿ’ ಹೊಕ್ಕೆವು. ಅಂಗಡಿಕಾರರು, ಕೆಲಸಗಾರರು ಮಧ್ಯಾಹ್ನ ಉಣ್ಣುವ ಜಾಗ. ನಮ್ಮ ಖಾನಾವಳಿ ಅನ್ನಿ. ಮಾಡಿಟ್ಟ ಅಡುಗೆ ಗಾಜಿನಾಚೆ ಕಾಣುತ್ತದೆ, ಬೆರಳು ತೋರಿಸಿದರೆ ಬಡಿಸುತ್ತಾರೆ. ಮಾಂಸ ತಿನ್ನದ ನಮಗೆ ಅಳಿಯ ಒಂದೇ ಶಬ್ದ ಬಾಯಿಪಾಠ ಮಾಡಿಸಿದ್ದ: ‘ಝೆಯ್ತಿನ್ಯಾಲಿ’, ಅಂದರೆ ಆಲಿವ್ ಎಣ್ಣೆಯದು. ಆ ಹೆಸರಿನವು ಸಾಮಾನ್ಯವಾಗಿ ಮಾಂಸವಿಲ್ಲದವು, ತಣ್ಣಗೇ ಬಡಿಸುವಂಥವು.

ದ್ರಾಕ್ಷಿ ಎಲೆಯಲ್ಲಿ ಅಕ್ಕಿ, ಒಣದ್ರಾಕ್ಷಿ ಎಲ್ಲ ಇಟ್ಟು ಬೆರಳುಗಾತ್ರಕ್ಕೆ ಸುತ್ತಿದ್ದು ಬಂತು. “ಪತ್ರೊಡೆ ಹಂಗೇ ಇದ್ದು” ಅಂದಳು ಅತ್ತಿಗೆ. ಹೆಸರು ಸರ್ಮಾ ಅಂದರೆ ಅವಳಿಗೆ ಕೇಳಿಸಿದ್ದು ‘ಶರ್ಮಾ’. ಮಾಂಸ ಹಾಕದ ಸರ್ಮಾಕ್ಕೆ ‘ಯಾಲಾಂಜಿ’ ಅಂತಲೂ ಹೆಸರು; ಸುಳ್ಳುಗಾರ ಅಂತ ಅರ್ಥ. ಐದು ದಿನವೂ ಸುಳ್ಳುಗಾರರನ್ನೇ ತಿಂದು ಬಂದೆವು.

ಸರ್ಮಾ ಅಂದರೆ ಸುತ್ತಿದ್ದು. ದೊಲ್ಮಾ ಅಂದರೆ ತುಂಬಿದ್ದು, ನಮ್ಮ ತುಂಬುಗಾಯಿಯ ‘ತುಂಬು’ವೇ. (ಜನ ತುಂಬಿದ ಮೇಲೆ ಹೊರಡುವ ಶೇರ್ ಟ್ಯಾಕ್ಸಿಗೂ ಅದೇ ಧಾತುವಿನಿಂದ ‘ದೊಲ್ಮುಶ್’ ಅನ್ನುತ್ತಾರೆ. ಕುಮಟಾ–ಹೊನ್ನಾವರದ ಟೆಂಪೋಗಳಿಗೆ ಈ ಹೆಸರು ಚೆನ್ನಾಗಿ ಒಪ್ಪುತ್ತದೆ.) ನಾವು ಖೀಮಾ ಅನ್ನುವುದು ಅವರ ‘ಕಿಯ್ಮಾ’, ಸಣ್ಣಗೆ ಕೊಚ್ಚಿದ್ದು. ಭಟ್ಕಳದಲ್ಲಿ ಸಿಗುವ ಶವರ್ಮಾದ ಹೆಸರೂ ‘ಚೆವಿರ್ಮೆ’ ಎಂಬ ತುರ್ಕಿ ಶಬ್ದ ಅರಬ್ಬಿಗೆ ಹೋಗಿ ಬಂದದ್ದು: ತಿರುಗಿಸಿದ್ದು. ಧಾತುವಿಗೆ ‘ಮಾ’ ಅಥವಾ ‘ಮೆ’ ಅಂಟಿಸಿದರೆ ತಿಂಡಿಯ ಹೆಸರು ತಯಾರು. ಎಷ್ಟು ಸಲೀಸು!

ಪತ್ರೊಡೆ ಈ ಜಾತಿಯದಲ್ಲ, ಅದು ಎಲೆ ಮತ್ತು ವಡೆ. ಆದರೆ ವಾಪಸು ಬರುವಾಗ ವಿಮಾನದಲ್ಲಿ ತಲೆಗೆ ಹೊಕ್ಕಿದ್ದು ತೊಡೆದೇವು. ಗಡಿಗೆಯನ್ನು ಒಲೆಯ ಮೇಲೆ ಬೋರಲು ಹಾಕಿ, ಕಬ್ಬಿನಹಾಲಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಬಟ್ಟೆಯಿಂದ ಅದರ ಬೆನ್ನಿಗೆ ತೊಡೆಯುತ್ತೇವೆ. ತೊಡೆಯುವುದು ಎಂದರೆ ಸವರುವುದು. ಹಾಗಾಗಿ ಧಾತು ಸ್ಪಷ್ಟ. ಉಳಿದ ‘ಏವು’? ತೆಳುದೋಸೆಗೆ ನಾವು ಹೇಳುವ ತೆಳ್ಳೇವಿನಲ್ಲೂ ಅದೇ ಬಾಲ ಇದೆ.

ನನ್ನ ಊಹೆ: ಇದು ಬಹುವಚನದ ‘ಅವು’. ತೊಡೆದವು, ಅಂದರೆ ತೊಡೆದಂಥವು; ಎಳೆದು ಹೇಳಿ ತೊಡೆದೇವು ಆಗಿರಬೇಕು. ತೆಳ್ಳನೆಯವು ಸವೆದು ತೆಳ್ಳೇವು. ದಕ್ಷಿಣ ಕನ್ನಡದ ಹವ್ಯಕರು ‘ತೆಳ್ಳವು’ ಅನ್ನುವುದು ನನ್ನ ಕಡೆಗೇ ಸಾಕ್ಷಿ ಹೇಳುತ್ತದೆ. ಒಂದೊಂದಾಗಿ ತಿನ್ನುವ ತಿಂಡಿಯೂ ಅಲ್ಲ, ಅಟ್ಟಿ ಅಟ್ಟಿ ಮಾಡಿಡುವಂಥದ್ದು, ಬಹುವಚನ ಸಹಜವೇ. ತೊಡಕೆಂದರೆ ಬಡಿಸುವಾಗ ನಾವು “ಒಂದು ತೊಡೆದೇವು ಹಾಕಲಾ?” ಅಂತಲೇ ಕೇಳುತ್ತೇವೆ, ಬಹುವಚನದ ಪರಿವೆಯೇ ಇಲ್ಲ.

ಸಿದ್ದಾಪುರ, ಯಲ್ಲಾಪುರ, ಸಾಗರದ ಕಡೆಯವರು ದಯವಿಟ್ಟು ಹೇಳಿ: ನಿಮ್ಮಲ್ಲಿ ಹಳಬರ ಬಾಯಲ್ಲಿ ‘ತೊಡೆದವು’ ಕೇಳಿದ್ದುಂಟೇ? ‘ಏವು’ ಬಾಲದ ಮೂರನೆಯ ತಿಂಡಿ ಯಾವುದಾದರೂ ಇದೆಯೇ?